ಮೈಯೊಳಗಿನ ಹಗೇವು: ಕೊಬ್ಬು, ಕಿಣ್ವ ಮತ್ತು ಬೊಜ್ಜು

ನಮ್ಮ ಹಿರಿಯರು ಸುಗ್ಗಿಯ ಜೋಳವನ್ನು ಹಗೇವಿನಲ್ಲಿ ತುಂಬಿಡುತ್ತಿದ್ದರು. ನೆಲವನ್ನು ಆಳವಾಗಿ ಅಗೆದು, ಒಳಬದಿಗೆ ಹುಲ್ಲು ಒತ್ತಿ, ಕಾಳು ಸುರಿದು, ಬಾಯಿಯನ್ನು ಕಲ್ಲುಮಣ್ಣಿನಿಂದ ಮುಚ್ಚಿಬಿಟ್ಟರೆ ಮಳೆ ಕೈಕೊಟ್ಟ ವರ್ಷವೂ ಮನೆಮಂದಿಯ ಹೊಟ್ಟೆಗೆ ಆಧಾರವಿರುತ್ತಿತ್ತು. ಹಗೇವು ತುಂಬಿದ ಮನೆಯನ್ನು ಯಾರೂ ಹಳಿಯುತ್ತಿರಲಿಲ್ಲ. ಅದು ಮುಂದಾಲೋಚನೆಯ ಗುರುತಾಗಿತ್ತು. ನಮ್ಮ ದೇಹದಲ್ಲಿಯೂ ಇಂಥದೊಂದು ಹಗೇವು ಇದೆ. ಅದೇ ಕೊಬ್ಬಿನ ಅಂಗಾಂಶ. ಅದನ್ನು ತುಂಬುವ, ಬೇಕಾದಾಗ ತೆರೆಯುವ, ತೆಗೆದದ್ದನ್ನು ಉರಿಸಿ ಶಕ್ತಿಯಾಗಿಸುವ ಕೆಲಸಗಳನ್ನೆಲ್ಲ ಕಿಣ್ವಗಳು ನಡೆಸುತ್ತವೆ.

ತೊಡಕಿರುವುದು ಕಾಲ ಬದಲಾದದ್ದರಲ್ಲಿ. ಇಂದು ನಮ್ಮಲ್ಲಿ ಅನೇಕರ ಪಾಲಿಗೆ ಸುಗ್ಗಿ ದಿನವೂ ಬರುತ್ತದೆ, ಬರಗಾಲ ಬರುವುದೇ ಇಲ್ಲ. ತುಂಬುವ ಕೆಲಸ ಎಡೆಬಿಡದೆ ನಡೆಯುತ್ತದೆ; ತೆರೆಯುವ ಪ್ರಸಂಗ ಅಪರೂಪವಾಗುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕ ಸ್ತ್ರೀಪುರುಷರಲ್ಲಿ ಹತ್ತಕ್ಕೆ ಸುಮಾರು ಮೂವರು ಅಧಿಕ ತೂಕದವರು.

ಕೆಲವು ತಿಂಗಳ ಹಿಂದೆ ನಮ್ಮ ಪರಿಚಯದ ಶಿಕ್ಷಕಿಯೊಬ್ಬರು ತಮ್ಮ ಸಂಕಟವನ್ನು ಹೇಳಿಕೊಂಡರು. ತೂಕ ಇಳಿಸುವ ಕೇಂದ್ರವೊಂದರ ಮಾತು ನಂಬಿ ಅವರು ನಾಲ್ಕು ತಿಂಗಳು ಅರೆಹೊಟ್ಟೆಯಲ್ಲಿದ್ದು 12 ಕಿಲೋ ಇಳಿಸಿದ್ದರು. ಒಂದೂವರೆ ವರ್ಷದೊಳಗೆ ಹೋದದ್ದೆಲ್ಲ ತಿರುಗಿ ಬಂದು, ಮೇಲೆ ಇನ್ನೆರಡು ಕಿಲೋ ಸೇರಿತ್ತು. ಮನೆಯಲ್ಲಿ ‘ಕದ್ದು ತಿನ್ನುತ್ತಾಳೆ’ ಎಂಬ ಕುಹಕ. ಮದುವೆ, ಜಾತ್ರೆಗಳಿಗೆ ಹೋಗುವುದನ್ನೇ ಅವರು ಬಿಟ್ಟಿದ್ದರು. “ನನಗೆ ಮನೋಬಲವಿಲ್ಲ, ಅಷ್ಟೇ” ಎಂದು ತಲೆತಗ್ಗಿಸಿದರು. ಅವರಿಗೆ ಅಂದು ನಾವು ನೀಡಿದ ಉತ್ತರವನ್ನೇ ಇಲ್ಲಿ ವಿಸ್ತರಿಸಿ ಬರೆಯುತ್ತಿದ್ದೇವೆ. ಬೊಜ್ಜನ್ನು ನಾಲಿಗೆಯ ದೋಷವೆಂದು ಮಾತ್ರ ತಿಳಿದವರು ಅದರ ಅರ್ಧ ಕಥೆಯನ್ನಷ್ಟೇ ತಿಳಿದಿದ್ದಾರೆ.

ಕಿಣ್ವವೆಂದರೇನು?

ವಧೂವರರ ಕಡೆಯವರನ್ನು ಕೂಡಿಸಿ ಸಂಬಂಧ ಕುದುರಿಸುವ ಹಿರಿಯರೊಬ್ಬರು ಪ್ರತಿ ಊರಿನಲ್ಲಿಯೂ ಇರುತ್ತಾರೆ. ಅವರಿಲ್ಲದಿದ್ದರೆ ವರ್ಷಗಟ್ಟಲೆ ಎಳೆಯುವ ಮಾತುಕತೆ ಅವರಿಂದ ಒಂದು ದಿನದಲ್ಲಿ ಮುಗಿಯುತ್ತದೆ. ಮದುವೆಯಾದ ಮೇಲೆ ಅವರು ಹೇಗಿದ್ದರೋ ಹಾಗೆಯೇ ಮತ್ತೊಂದು ಮನೆಯತ್ತ ನಡೆಯುತ್ತಾರೆ. ಕಿಣ್ವದ ಕೆಲಸವೂ ಇಂಥದೇ. ಅದು ಜೀವಕೋಶದಲ್ಲಿ ತಯಾರಾಗುವ, ಬಹುಮಟ್ಟಿಗೆ ಪ್ರೋಟೀನಿನಿಂದಲೇ ಆದ ವಸ್ತು. ದೇಹದ ಬಿಸಿಯಲ್ಲಿ ತಾನಾಗಿಯೇ ನಡೆಯಲು ಬಹುಕಾಲ ಹಿಡಿಯುವ ರಾಸಾಯನಿಕ ಕ್ರಿಯೆಯನ್ನು ಅದು ಕ್ಷಣಾರ್ಧದಲ್ಲಿ ನಡೆಸುತ್ತದೆ, ತಾನು ವ್ಯಯವಾಗುವುದಿಲ್ಲ. ಪ್ರತಿಯೊಂದು ಕಿಣ್ವಕ್ಕೂ ತನ್ನದೇ ಆದ ನಿಯತ ಕೆಲಸವಿದೆ. ಪಿಷ್ಟವನ್ನು ಒಡೆಯುವುದು ಕೊಬ್ಬನ್ನು ಮುಟ್ಟುವುದಿಲ್ಲ. ಕೊಬ್ಬನ್ನು ಒಡೆಯುವ ಕಿಣ್ವಗಳ ಕುಲಕ್ಕೆ ಲೈಪೇಸ್ ಎಂದು ಹೆಸರು.

ತುತ್ತಿನಿಂದ ರಕ್ತದವರೆಗೆ

ಎಣ್ಣೆ, ತುಪ್ಪ, ಶೇಂಗಾ, ಕೊಬ್ಬರಿಗಳಲ್ಲಿರುವ ಕೊಬ್ಬಿನ ಹೆಚ್ಚಿನ ಭಾಗ ಟ್ರೈಗ್ಲಿಸರೈಡ್ ರೂಪದಲ್ಲಿರುತ್ತದೆ. ಗ್ಲಿಸರಾಲ್ ಎಂಬ ಒಂದು ನೊಗಕ್ಕೆ ಮೂರು ಕೊಬ್ಬಿನಾಮ್ಲಗಳನ್ನು ಕಟ್ಟಿದಂತೆ ಇದರ ರಚನೆ. ಇಡಿಯಾಗಿ ಇದು ಕರುಳಿನ ಗೋಡೆಯನ್ನು ದಾಟಲಾರದು. ಪಿತ್ತರಸವು ಕೊಬ್ಬನ್ನು ಸಣ್ಣ ಸಣ್ಣ ಹನಿಗಳನ್ನಾಗಿ ಒಡೆಯುತ್ತದೆ. ಆ ಹನಿಗಳ ಮೇಲೆ ಮೇದೋಜೀರಕ ಗ್ರಂಥಿಯ ಲೈಪೇಸ್ ಕುಳಿತು ಕೊಬ್ಬಿನಾಮ್ಲಗಳನ್ನು ಬಿಡಿಸುತ್ತದೆ.

ಇದನ್ನು ಮೊದಲು ತೋರಿಸಿಕೊಟ್ಟವರು ಫ್ರಾನ್ಸಿನ ಕ್ಲಾಡ್ ಬರ್ನಾರ್ಡ್. 1840ರ ದಶಕದಲ್ಲಿ ಅವರು ಮೊಲಗಳ ಕರುಳನ್ನು ಪರಿಶೀಲಿಸುತ್ತಿದ್ದರು. ಮೊಲದಲ್ಲಿ ಪಿತ್ತನಾಳವು ಕರುಳಿನ ಮೇಲ್ಭಾಗದಲ್ಲಿ ತೆರೆದರೆ ಮೇದೋಜೀರಕದ ನಾಳವು ಬಹಳ ಕೆಳಗೆ ತೆರೆಯುತ್ತದೆ. ಕೊಬ್ಬು ತಿಂದ ಮೊಲದ ಕರುಳಿನಿಂದ ಹೊರಡುವ ದುಗ್ಧನಾಳಗಳು ಈ ಎರಡನೆಯ ನಾಳದ ಕೆಳಗೆ ಮಾತ್ರ ಹಾಲಿನಂತೆ ಬೆಳ್ಳಗಾಗಿದ್ದವು. ಕೊಬ್ಬು ಒಳಸೇರಲು ಮೇದೋಜೀರಕ ರಸವೇ ಬೇಕೆಂಬುದು ಇದರಿಂದ ಸ್ಪಷ್ಟವಾಯಿತು.

ಈ ಲೈಪೇಸನ್ನು ತಡೆದರೆ ತಿಂದ ಕೊಬ್ಬು ಮೈಗೆ ಹತ್ತುವುದಿಲ್ಲವಲ್ಲವೇ ಎಂಬ ಪ್ರಶ್ನೆ ಸಹಜ. ಆರ್ಲಿಸ್ಟಾಟ್ ಎಂಬ ಔಷಧ ಮಾಡುವುದು ಇದನ್ನೇ. 1999ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಈ ಗುಳಿಗೆಯಿಂದ ಊಟದ ಕೊಬ್ಬಿನಲ್ಲಿ ಶೇ. 30ರಷ್ಟು ಜೀರ್ಣವಾಗದೆ ಹೊರಹೋಗುತ್ತದೆ. ಆದರೆ ಎಣ್ಣೆಮಯ ಭೇದಿ, ಎ, ಡಿ, ಇ, ಕೆ ಜೀವಸತ್ವಗಳ ಕೊರತೆ ಮೊದಲಾದವು ಅದರ ಬೆನ್ನಿಗೇ ಬರುತ್ತವೆ. ವೈದ್ಯರ ಸಲಹೆಯಿಲ್ಲದೆ ಅದನ್ನು ನುಂಗತಕ್ಕದ್ದಲ್ಲ.

ಹಗೇವು ತುಂಬುವ ಕೈ

ಕರುಳಿನ ಗೋಡೆಯನ್ನು ದಾಟಿದ ಕೊಬ್ಬಿನಾಮ್ಲಗಳು ಮತ್ತೆ ಟ್ರೈಗ್ಲಿಸರೈಡಾಗಿ ಕೂಡಿಕೊಂಡು, ಪ್ರೋಟೀನಿನ ಹೊದಿಕೆ ತೊಟ್ಟು ರಕ್ತಕ್ಕೆ ಇಳಿಯುತ್ತವೆ. ಊಟವಾದ ಕೆಲವು ಗಂಟೆಗಳವರೆಗೆ ರಕ್ತದಲ್ಲಿ ಈ ಕೊಬ್ಬಿನ ಮೂಟೆಗಳು ತೇಲುತ್ತಿರುತ್ತವೆ. ಅವುಗಳನ್ನು ಇಳಿಸಿಕೊಳ್ಳುವ ಹಮಾಲಿ ಲೈಪೊಪ್ರೋಟೀನ್ ಲೈಪೇಸ್ ಎಂಬ ಕಿಣ್ವ. ಅತಿಸೂಕ್ಷ್ಮ ರಕ್ತನಾಳಗಳ ಒಳಗೋಡೆಗೆ ಅಂಟಿಕೊಂಡು ನಿಂತಿರುವ ಇದು, ಹಾದುಹೋಗುವ ಮೂಟೆಯನ್ನು ಬಿಚ್ಚಿ ಕೊಬ್ಬಿನಾಮ್ಲವನ್ನು ಪಕ್ಕದ ಜೀವಕೋಶಕ್ಕೆ ದಾಟಿಸುತ್ತದೆ. 1943ರಲ್ಲಿ ಹೆಪಾರಿನ್ ಚುಚ್ಚುಮದ್ದು ಕೊಟ್ಟ ನಾಯಿಗಳ ಹಾಲುಬಣ್ಣದ ರಕ್ತದ್ರವವು ತಿಳಿಯಾದದ್ದನ್ನು ಕಂಡಾಗ ಈ ಕಿಣ್ವದ ಮೊದಲ ಸುಳಿವು ಸಿಕ್ಕಿತು.

ಈ ಕಿಣ್ವವು ಎಲ್ಲಿ ಚುರುಕಾಗಿರುತ್ತದೆ ಎಂಬುದರ ಮೇಲೆ ತಿಂದ ಕೊಬ್ಬಿನ ಗತಿ ನಿಂತಿದೆ. ಸ್ನಾಯುವಿನ ಬಳಿ ಚುರುಕಾಗಿದ್ದರೆ ಕೊಬ್ಬು ಅಲ್ಲಿ ಉರಿದು ಶಕ್ತಿಯಾಗುತ್ತದೆ. ಕೊಬ್ಬಿನ ಅಂಗಾಂಶದ ಬಳಿ ಚುರುಕಾಗಿದ್ದರೆ ಹಗೇವು ಸೇರುತ್ತದೆ. ಉಂಡ ಮೇಲೆ ಇನ್ಸುಲಿನ್ ಏರಿದಾಗ ಕೊಬ್ಬಿನ ಅಂಗಾಂಶದಲ್ಲಿ ಇದರ ಚಟುವಟಿಕೆ ಹೆಚ್ಚುತ್ತದೆ. ಹಸಿದಾಗ ಅಲ್ಲಿ ತಗ್ಗುತ್ತದೆ. ದೇಹ ದುಡಿದಾಗ ಸ್ನಾಯುವಿನಲ್ಲಿ ಹೆಚ್ಚುತ್ತದೆ. ಇಲಿಗಳ ಹಿಂಗಾಲುಗಳಿಗೆ ಮೈಭಾರ ಬೀಳದಂತೆ ಮಾಡಿದ ಪ್ರಯೋಗವೊಂದು 2003ರಲ್ಲಿ ಪ್ರಕಟವಾಯಿತು. ಒಂದೇ ದಿನದೊಳಗೆ ಆ ಕಾಲಿನ ಸ್ನಾಯುಗಳಲ್ಲಿ ಈ ಕಿಣ್ವದ ಚಟುವಟಿಕೆ ತೀವ್ರವಾಗಿ ಕುಸಿದಿತ್ತು. ಇಲಿಯ ಲೆಕ್ಕವನ್ನು ಮನುಷ್ಯನಿಗೆ ಹಾಗೆಯೇ ಅನ್ವಯಿಸಲಾಗದು. ಆದರೂ ದಿನವಿಡೀ ಕುಳಿತಲ್ಲೇ ಕುಳಿತಿರುವುದು ಕೇವಲ ವಿಶ್ರಾಂತಿಯಲ್ಲ, ಕಿಣ್ವಗಳನ್ನು ಮಲಗಿಸುವ ಕ್ರಿಯೆ ಎಂಬ ಎಚ್ಚರಿಕೆ ಅದರಲ್ಲಿದೆ.

‘ನಾವು ಎಣ್ಣೆಯನ್ನೇ ಮುಟ್ಟುವುದಿಲ್ಲ, ಅನ್ನ ಸಕ್ಕರೆಗಳಿಂದ ಬೊಜ್ಜು ಹೇಗೆ?’ ಎಂದು ಹಲವರು ಕೇಳುವುದುಂಟು. ಹೆಚ್ಚಾದ ಸಕ್ಕರೆಯನ್ನು ಕೊಬ್ಬಾಗಿ ಕಟ್ಟುವ ಕಿಣ್ವಗಳು ನಮ್ಮ ಯಕೃತ್ತಿನಲ್ಲಿವೆ. ಸಾಮಾನ್ಯ ಊಟದಲ್ಲಿ ಈ ಮಾರ್ಗದಿಂದ ಆಗುವ ಕೊಬ್ಬು ಬಹಳವಲ್ಲ. ಸಿಹಿ ಪಾನೀಯ, ಮಿಠಾಯಿಗಳ ಅತಿರೇಕವಾದಾಗ ಅದು ಏರುತ್ತದೆ, ಯಕೃತ್ತಿನಲ್ಲಿಯೇ ಕೊಬ್ಬು ತುಂಬತೊಡಗುತ್ತದೆ. ಇದಕ್ಕಿಂತ ಮುಖ್ಯವಾದ ಪರಿಣಾಮ ಇನ್ನೊಂದಿದೆ. ದೇಹಕ್ಕೆ ಸಕ್ಕರೆ ಧಾರಾಳವಾಗಿ ಸಿಗುತ್ತಿರುವಾಗ ಅದು ಕೊಬ್ಬನ್ನು ಉರಿಸುವುದನ್ನು ನಿಲ್ಲಿಸಿಬಿಡುತ್ತದೆ. ಆಗ ಊಟದೊಡನೆ ಬಂದ ಸ್ವಲ್ಪ ಎಣ್ಣೆಯೂ ನೇರವಾಗಿ ಹಗೇವಿಗೆ ಹೋಗುತ್ತದೆ.

ಹಗೇವು ತೆರೆಯುವ ಕೈ

ರಾತ್ರಿ ಉಂಡು ಮಲಗಿದವರು ಬೆಳಗ್ಗೆ ಏಳುವ ವೇಳೆಗೆ ದೇಹದ ಶಕ್ತಿಯ ಅರ್ಧಕ್ಕಿಂತ ಹೆಚ್ಚು ಪಾಲು ಕೊಬ್ಬಿನಿಂದಲೇ ಬರುತ್ತಿರುತ್ತದೆ. ಇನ್ಸುಲಿನ್ ಇಳಿದಿರುತ್ತದೆ. ಕೊಬ್ಬಿನ ಕೋಶದೊಳಗಿನ ಕಿಣ್ವಗಳು ಎಚ್ಚತ್ತು ಟ್ರೈಗ್ಲಿಸರೈಡಿನ ಮೂರು ಕಟ್ಟುಗಳನ್ನು ಒಂದೊಂದಾಗಿ ಬಿಚ್ಚುತ್ತವೆ. ಇವುಗಳಲ್ಲಿ ಹಾರ್ಮೋನಿಗೆ ಸ್ಪಂದಿಸುವ ಲೈಪೇಸ್ ಒಂದೇ ಮುಖ್ಯವೆಂದು ವಿಜ್ಞಾನಿಗಳು ಬಹುಕಾಲ ತಿಳಿದಿದ್ದರು. ಆದರೆ ಆ ಕಿಣ್ವವಿಲ್ಲದಂತೆ ಬೆಳೆಸಿದ ಇಲಿಗಳೂ ಕೊಬ್ಬನ್ನು ಕರಗಿಸಿಕೊಂಡವು, ದಪ್ಪಗಾಗಲಿಲ್ಲ. ಹಾಗಾದರೆ ಬೇರೊಂದು ಕೈ ಇರಲೇಬೇಕಲ್ಲವೇ? 2004ರಲ್ಲಿ ಆಸ್ಟ್ರಿಯಾದ ಗ್ರಾಜ್ ನಗರದ ಸಂಶೋಧಕರೂ ಅದೇ ಕಾಲಕ್ಕೆ ಅಮೆರಿಕದ ಸಂಶೋಧಕರೂ ಮೊದಲ ಕಟ್ಟನ್ನು ಬಿಚ್ಚುವ ಮತ್ತೊಂದು ಲೈಪೇಸನ್ನು ಗುರುತಿಸಿದರು.

ಈ ಕಿಣ್ವಗಳಿಗೆ ಆಜ್ಞೆ ಕೊಡುವವರು ಇಬ್ಬರು. ದುಡಿಮೆ, ಚಳಿ, ಹಸಿವುಗಳಲ್ಲಿ ಏರುವ ಅಡ್ರಿನಾಲಿನ್ ವರ್ಗದ ರಸಗಳು ‘ತೆರೆ’ ಎನ್ನುತ್ತವೆ. ಇನ್ಸುಲಿನ್ ‘ಮುಚ್ಚು’ ಎನ್ನುತ್ತದೆ. ಎರಡು ಗಂಟೆಗೊಮ್ಮೆ ಸಕ್ಕರೆ ಹಾಕಿದ ಚಹಾ, ನಡುನಡುವೆ ಬಿಸ್ಕತ್ತು, ಸಂಜೆಗೆ ಮಿರ್ಚಿ ಮಂಡಕ್ಕಿ, ರಾತ್ರಿ ಹತ್ತಕ್ಕೆ ಊಟ ಎಂಬ ದಿನಚರಿಯಲ್ಲಿ ‘ಮುಚ್ಚು’ ಎಂಬ ಆಜ್ಞೆಯೇ ಬಹುಹೊತ್ತು ಜಾರಿಯಲ್ಲಿರುತ್ತದೆ.

ಹೊರಬಂದ ಕೊಬ್ಬಿನಾಮ್ಲವು ಸ್ನಾಯುಕೋಶದ ಮೈಟೊಕಾಂಡ್ರಿಯವೆಂಬ ಒಲೆಯನ್ನು ಸೇರಬೇಕು. ಆ ಒಲೆಯ ಬಾಗಿಲಲ್ಲಿಯೂ ಒಂದು ಕಾವಲು ಕಿಣ್ವವಿದೆ. ಸಕ್ಕರೆ ಹೇರಳವಾಗಿದ್ದಾಗ ಕೋಶದಲ್ಲಿ ಹುಟ್ಟುವ ಮೆಲೊನೈಲ್-ಕೋಎ ಎಂಬ ಸಂಯುಕ್ತವು ಈ ಬಾಗಿಲಿಗೆ ಅಗುಳಿ ಹಾಕುತ್ತದೆ. ನಡೆದಾಗ, ಮೆಟ್ಟಿಲು ಹತ್ತಿದಾಗ, ಹೊಲ ಮನೆಗಳಲ್ಲಿ ದುಡಿದಾಗ ಸ್ನಾಯುವಿನ ಶಕ್ತಿ ತಗ್ಗಿದ್ದನ್ನು ಅರಿಯುವ ಮತ್ತೊಂದು ಕಿಣ್ವ ಎಚ್ಚತ್ತು, ಆ ಸಂಯುಕ್ತದ ತಯಾರಿಕೆಯನ್ನೇ ತಗ್ಗಿಸಿ ಅಗುಳಿಯನ್ನು ಸಡಿಲಿಸುತ್ತದೆ. ಒಳಗೆ ಹೋದ ಕೊಬ್ಬಿನಾಮ್ಲವನ್ನು ಕಿಣ್ವಗಳು ಎರಡೆರಡು ಇಂಗಾಲದ ತುಂಡುಗಳಾಗಿ ಕತ್ತರಿಸುತ್ತವೆ. ಇದನ್ನು 1904ರಲ್ಲಿ ಜರ್ಮನಿಯ ಫ್ರಾಂಜ್ ನೂಪ್ ಕಂಡುಹಿಡಿದರು. 16 ಇಂಗಾಲಗಳ ಪಾಮಿಟಿಕ್ ಆಮ್ಲ ಏಳು ಕಡಿತಗಳಲ್ಲಿ ಎಂಟು ತುಂಡಾಗಿ ಉರಿಯುತ್ತದೆ.

ಹಾಗೆ ಕರಗಿದ ಕೊಬ್ಬು ಹೋಗುವುದಾದರೂ ಎಲ್ಲಿಗೆ? ಬೆವರಿನಲ್ಲಿ ಅಥವಾ ಮಲದಲ್ಲಿ ಎಂಬುದು ಬಹುಜನರ ಊಹೆ. 10 ಕಿಲೋ ಕೊಬ್ಬು ಪೂರ್ಣವಾಗಿ ಉರಿದರೆ ಅದರಲ್ಲಿ 8.4 ಕಿಲೋ ಇಂಗಾಲದ ಡೈಆಕ್ಸೈಡಾಗಿ ಉಸಿರಿನೊಡನೆ ಹೊರಹೋಗುತ್ತದೆ, ಉಳಿದ 1.6 ಕಿಲೋ ನೀರಾಗುತ್ತದೆ. ಹಾಗೆಂದು ಸುಮ್ಮನೆ ಕುಳಿತು ಜೋರಾಗಿ ಉಸಿರಾಡಿದರೆ ಕೊಬ್ಬು ಕರಗದು. ಒಲೆ ಉರಿದರೆ ತಾನೇ ಹೊಗೆ? ಸ್ನಾಯು ದುಡಿಯಬೇಕು. ಹೊಟ್ಟೆಗೆ ಪಟ್ಟಿ ಬಿಗಿದು ಬೆವರಿಳಿಸುವವರು ಕಳೆದುಕೊಳ್ಳುವುದು ನೀರನ್ನು. ಒಂದು ತಂಬಿಗೆ ನೀರು ಕುಡಿದೊಡನೆ ಅದು ಮರಳುತ್ತದೆ.

ಕೊಬ್ಬೇ ಏಕೆ?

ಶಕ್ತಿಯನ್ನು ಕೂಡಿಡಲು ದೇಹವು ಕೊಬ್ಬನ್ನು ಆರಿಸಿಕೊಂಡದ್ದು ಜಾಣತನದಿಂದ. ಒಂದು ಗ್ರಾಂ ಪಿಷ್ಟ ಅಥವಾ ಪ್ರೋಟೀನಿನಲ್ಲಿ 4 ಕಿಲೋ ಕ್ಯಾಲೊರಿ ಇದ್ದರೆ ಒಂದು ಗ್ರಾಂ ಕೊಬ್ಬಿನಲ್ಲಿ 9 ಇದೆ. ಸಕ್ಕರೆಯನ್ನು ದೇಹವು ಗ್ಲೈಕೊಜನ್ ರೂಪದಲ್ಲಿ ಯಕೃತ್ತು ಸ್ನಾಯುಗಳಲ್ಲಿ ಕೂಡಿಡುವುದು ಸುಮಾರು ಅರ್ಧ ಕಿಲೋ ಮಾತ್ರ, ಅದೂ ಮೂರು ಪಟ್ಟು ನೀರಿನೊಡನೆ. ದೇಹದ ಒಂದು ಕಿಲೋ ಕೊಬ್ಬಿನ ಅಂಗಾಂಶದಲ್ಲಿ ಸುಮಾರು 7,700 ಕಿಲೋ ಕ್ಯಾಲೊರಿ ಅಡಗಿದೆ. ಇದು ವಯಸ್ಕನ ಮೂರು ನಾಲ್ಕು ದಿನಗಳ ಇಡೀ ಶಕ್ತಿ. ‘ವಾರದಲ್ಲಿ ಐದು ಕಿಲೋ ಇಳಿಸುತ್ತೇವೆ’ ಎಂಬ ಜಾಹೀರಾತನ್ನು ಕಂಡವರು ಈ ಲೆಕ್ಕವನ್ನು ನೆನೆಯಲಿ. ಕೊಬ್ಬು ಅಷ್ಟು ಬೇಗ ಕರಗಲಾರದು. ಮೊದಲ ವಾರದಲ್ಲಿ ತಕ್ಕಡಿಯ ಮುಳ್ಳು ಸರ್ರನೆ ಇಳಿಯುವುದು ಗ್ಲೈಕೊಜನ್ ಮತ್ತು ಅದರ ನೀರು ಹೋದುದರಿಂದ.

ದಿನದ ಶಕ್ತಿಯ ವೆಚ್ಚದಲ್ಲಿ ಶೇ. 60ರಿಂದ 70ರಷ್ಟು ಉಸಿರಾಟ, ಹೃದಯ, ಮಿದುಳು, ಮೈಶಾಖಗಳಂಥ ಮೂಲ ಕಾರ್ಯಗಳಿಗೆ ಹೋಗುತ್ತದೆ. ಶೇ. 10ರಷ್ಟು ಜೀರ್ಣಕ್ರಿಯೆಗೆ. ಉಳಿದದ್ದು ಮೈಯ ಚಲನೆಗೆ. ‘ನಲವತ್ತು ದಾಟಿತು, ಚಯಾಪಚಯ ನಿಧಾನವಾಯಿತು’ ಎಂಬ ಮಾತು ರೂಢಿಯಲ್ಲಿದೆ. 29 ದೇಶಗಳ 6,400ಕ್ಕೂ ಹೆಚ್ಚು ಜನರನ್ನು ಅಳೆದ, 2021ರಲ್ಲಿ ಪ್ರಕಟವಾದ ಅಧ್ಯಯನವು ದೇಹಗಾತ್ರವನ್ನು ಲೆಕ್ಕಕ್ಕೆ ಹಿಡಿದಾಗ 20ರಿಂದ 60ರ ವಯಸ್ಸಿನವರೆಗೆ ಈ ವೆಚ್ಚ ಬಹುಮಟ್ಟಿಗೆ ಸ್ಥಿರವೆಂದು ತೋರಿಸಿತು. ನಡುವಯಸ್ಸಿನ ಬೊಜ್ಜಿಗೆ ವಯಸ್ಸನ್ನೇ ಹೊಣೆ ಮಾಡುವುದು ಸಲ್ಲದು. ಆ ವಯಸ್ಸಿನಲ್ಲಿ ಕುರ್ಚಿ ನಮ್ಮನ್ನು ಹೆಚ್ಚು ಹೊತ್ತು ಹಿಡಿದಿಡುತ್ತದೆ, ಸ್ನಾಯು ಕ್ಷೀಣಿಸುತ್ತದೆ, ನಿದ್ರೆ ಕಡಿಮೆಯಾಗುತ್ತದೆ.

ಇಳಿದ ತೂಕ ಮರಳುವುದೇಕೆ?

ಈಗ ಆ ಶಿಕ್ಷಕಿಯ ಪ್ರಶ್ನೆಗೆ ಬರೋಣ. 1990ರಲ್ಲಿ ಅಮೆರಿಕದ ವೈದ್ಯರು ಅತಿಸ್ಥೂಲಕಾಯದ ಒಂಬತ್ತು ಮಂದಿ ತೂಕ ಇಳಿಸಿಕೊಂಡ ಮೇಲೆ ಅವರ ಕೊಬ್ಬಿನ ಅಂಗಾಂಶವನ್ನು ಪರೀಕ್ಷಿಸಿದರು. ಲೈಪೊಪ್ರೋಟೀನ್ ಲೈಪೇಸಿನ ಚಟುವಟಿಕೆ ತಗ್ಗಿರಲಿಲ್ಲ, ಹೆಚ್ಚಾಗಿತ್ತು. ಹಗೇವು ಬರಿದಾದುದನ್ನು ಕಂಡ ದೇಹ ತುಂಬುವ ಕೈಗೆ ಬಲ ತುಂಬಿತ್ತು. 1995ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲ್ಲರ್ ವಿಶ್ವವಿದ್ಯಾಲಯದ ತಂಡ ಇನ್ನೊಂದು ಸಂಗತಿಯನ್ನು ತೋರಿಸಿತು. ತೂಕವನ್ನು ಶೇ. 10ರಷ್ಟು ಇಳಿಸಿ ಉಳಿಸಿಕೊಂಡವರ ಶಕ್ತಿವೆಚ್ಚವು ದೇಹ ಚಿಕ್ಕದಾದುದಕ್ಕೆ ತಕ್ಕಷ್ಟಲ್ಲದೆ ಅದಕ್ಕಿಂತಲೂ ಹೆಚ್ಚಾಗಿ ಇಳಿಯುತ್ತದೆ. ಇದರೊಡನೆ ಕೊಬ್ಬಿನ ಕೋಶಗಳು ಸ್ರವಿಸುವ ಲೆಪ್ಟಿನ್ ತಗ್ಗುವುದರಿಂದ ಹಸಿವು ಏರುತ್ತದೆ. ವ್ಯಯ ಕಡಿಮೆ, ಹಸಿವು ಹೆಚ್ಚು, ತುಂಬುವ ಕಿಣ್ವ ಚುರುಕು: ಬರಗಾಲದಲ್ಲಿ ನಮ್ಮ ಪೂರ್ವಿಕರನ್ನು ಕಾಪಾಡಿದ ಏರ್ಪಾಡು ಇಂದು ಇಳಿಸಿದ ತೂಕವನ್ನು ಮರಳಿ ಎಳೆಯುತ್ತದೆ.

ಮನುಷ್ಯರ ತೂಕದ ವ್ಯತ್ಯಾಸದಲ್ಲಿ ಶೇ. 40ರಿಂದ 70ರಷ್ಟು ವಂಶವಾಹಿಗಳಿಂದ ಬರುವುದೆಂದು ಅವಳಿಗಳ ಅಧ್ಯಯನಗಳು ಸೂಚಿಸುತ್ತವೆ. ಒಂದೇ ಪಂಕ್ತಿಯಲ್ಲಿ ಕುಳಿತು ಒಂದೇ ಪ್ರಸಾದ ಸ್ವೀಕರಿಸಿದ ಇಬ್ಬರಲ್ಲಿ ಒಬ್ಬರ ಮೈಗೆ ಅದು ಹತ್ತಿ, ಇನ್ನೊಬ್ಬರ ಮೈಗೆ ಹತ್ತದಿರಬಹುದು. ಸ್ಥೂಲಕಾಯದವರನ್ನು ಹಳಿಯುವ ಹಕ್ಕು ಯಾರಿಗೂ ಇಲ್ಲ. ಹಳಿಯುವುದರಿಂದ ಯಾರ ತೂಕವೂ ಇಳಿಯದು. ನೊಂದವರು ವೈದ್ಯರ ಬಳಿಗೆ ಹೋಗುವುದನ್ನೂ ಬಿಟ್ಟುಬಿಡುತ್ತಾರೆ.

ತೆಳ್ಳಗಿದ್ದವರೂ ನಿಶ್ಚಿಂತರಲ್ಲ

2004ರಲ್ಲಿ ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್ನಿನ ಜಾನ್ ಯುಡ್ಕಿನ್ ತಮ್ಮಿಬ್ಬರ ಅಳತೆಗಳನ್ನೇ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ ಇಬ್ಬರದೂ ಒಂದೇ, ಸುಮಾರು 22. ಆದರೆ ದೇಹದ ಕೊಬ್ಬು ಯುಡ್ಕಿನ್ ಅವರಲ್ಲಿ ಶೇ. 9.1, ಯಾಜ್ಞಿಕ್ ಅವರಲ್ಲಿ ಶೇ. 21.2. ಭಾರತೀಯರು ನೋಡಲು ತೆಳ್ಳಗಿದ್ದರೂ ಒಳಗೆ, ವಿಶೇಷವಾಗಿ ಹೊಟ್ಟೆಯ ಭಾಗದಲ್ಲಿ, ಕೊಬ್ಬು ಹೆಚ್ಚು. ಆ ಕೊಬ್ಬಿನಿಂದ ಹೊರಡುವ ಆಮ್ಲಗಳು ಯಕೃತ್ತನ್ನು ಸುಲಭವಾಗಿ ಮುಟ್ಟಿ ಮಧುಮೇಹಕ್ಕೆ ದಾರಿ ಮಾಡುತ್ತವೆ. ಆದ್ದರಿಂದ ನಮ್ಮವರಿಗೆ ತಕ್ಕಡಿಗಿಂತ ಅಳತೆಪಟ್ಟಿ ಹೆಚ್ಚು ಸತ್ಯ ಹೇಳುತ್ತದೆ. ಸೊಂಟದ ಸುತ್ತಳತೆ ಪುರುಷರಲ್ಲಿ 90, ಸ್ತ್ರೀಯರಲ್ಲಿ 80 ಸೆಂಟಿಮೀಟರ್ ದಾಟಬಾರದು.

ಆಚರಣೆಯಲ್ಲಿ ಏನು ಮಾಡಬೇಕು?

ಕಿಣ್ವಗಳನ್ನು ಗುಳಿಗೆಯಿಂದ ಪಳಗಿಸುವುದು ಕಷ್ಟ. ದಿನಚರಿಯಿಂದ ಪಳಗಿಸುವುದು ಸಾಧ್ಯ.

ಮೊದಲನೆಯದು, ದಿನದಲ್ಲಿ ಹಲವು ಬಾರಿ ಮೈಯಾಡಿಸುವುದು. ವಾರಕ್ಕೆ ಕನಿಷ್ಠ 150 ನಿಮಿಷಗಳ ಬಿರುಸು ನಡಿಗೆ, ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮವನ್ನು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದರ ಜೊತೆಗೆ ಕುಳಿತು ಕೆಲಸ ಮಾಡುವವರು ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕಲಿ. ಉಂಡ ಬಳಿಕ ಹತ್ತು ಹದಿನೈದು ನಿಮಿಷ ಅಡ್ಡಾಡಲಿ. ಮೈಮುರಿದು ಮಾಡುವ ಯಾವ ಕಾಯಕವೂ ಸ್ನಾಯುವಿನ ಕಿಣ್ವಗಳನ್ನು ಎಚ್ಚರವಾಗಿಡುತ್ತದೆ.

ಎರಡನೆಯದು, ಊಟಕ್ಕೂ ಊಟಕ್ಕೂ ನಡುವೆ ಹೊಟ್ಟೆಗೆ ಬಿಡುವು. ಸಂಜೆಯ ಊಟ ಬೇಗ ಮುಗಿಯಲಿ. ನಡುನಡುವಿನ ಸಿಹಿ ಚಹಾ, ಕುರುಕಲು ತಪ್ಪಲಿ. ಆದರೆ ಮಧುಮೇಹಕ್ಕೆ ಔಷಧ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಉಪವಾಸಕ್ಕೆ ಕೈಹಾಕಬಾರದು.

ಮೂರನೆಯದು, ಎಣ್ಣೆಯ ಲೆಕ್ಕ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯು 2,000 ಕಿಲೋ ಕ್ಯಾಲೊರಿಯ ದಿನದೂಟದಲ್ಲಿ ಒಬ್ಬರಿಗೆ 27 ಗ್ರಾಂ ಎಣ್ಣೆ ತುಪ್ಪ ಸಾಕೆನ್ನುತ್ತದೆ. ನಾಲ್ವರ ಮನೆಗೆ ತಿಂಗಳಿಗೆ ಸುಮಾರು ಮೂರೂಕಾಲು ಕಿಲೋ ಆಯಿತು. ಈ ತಿಂಗಳ ಕಿರಾಣಿ ಚೀಟಿಯನ್ನು ತೆಗೆದು ನೋಡಿದರೆ ನಮ್ಮ ಮನೆ ಎಲ್ಲಿ ನಿಂತಿದೆ ಎಂಬುದು ತಿಳಿಯುತ್ತದೆ.

ನಾಲ್ಕನೆಯದು, ಸ್ನಾಯುವನ್ನು ಉಳಿಸಿಕೊಳ್ಳುವುದು. ಅರೆಹೊಟ್ಟೆಯಿಂದ ತೂಕ ಇಳಿಸಿದವರು ಕೊಬ್ಬಿನೊಡನೆ ಕೊಬ್ಬನ್ನು ಉರಿಸುವ ಸ್ನಾಯುವನ್ನೂ ಕಳೆದುಕೊಳ್ಳುತ್ತಾರೆ. ಜೋಳದ ರೊಟ್ಟಿಯ ಜೊತೆ ಮಡಕಿ, ಹೆಸರು, ತೊಗರಿ, ಕಡಲೆ, ಮಜ್ಜಿಗೆ, ಪುಂಡಿಪಲ್ಯ, ಹಸಿ ತರಕಾರಿ ಇರುವ ನಮ್ಮ ಹಳೆಯ ಊಟದಲ್ಲಿ ಪ್ರೋಟೀನೂ ಇದೆ, ನಾರೂ ಇದೆ. ರೊಟ್ಟಿಯನ್ನು ಅರ್ಧ ಮಾಡುವುದಕ್ಕಿಂತ ಪಲ್ಯವನ್ನು ಇಮ್ಮಡಿ ಮಾಡುವುದು ಲೇಸು.

ಐದನೆಯದು, ತಾಳ್ಮೆ. ವಾರಕ್ಕೆ ಅರ್ಧ ಕಿಲೋ ಇಳಿದರೆ ಸಾಕು. ಒಟ್ಟು ತೂಕದ ಶೇ. 5ರಿಂದ 10ರಷ್ಟು ಇಳಿದರೂ ರಕ್ತದೊತ್ತಡ, ಸಕ್ಕರೆ, ಟ್ರೈಗ್ಲಿಸರೈಡುಗಳು ಸುಧಾರಿಸುತ್ತವೆ. ತೂಕ ಇಳಿದ ಮೇಲಿನ ಒಂದೆರಡು ವರ್ಷಗಳೇ ನಿಜವಾದ ಪರೀಕ್ಷೆಯ ಕಾಲ. ಆಗ ನಡಿಗೆಯನ್ನು ಬಿಡಬಾರದು. ಕಾರಣವಿಲ್ಲದೆ ತೂಕ ಏರುತ್ತಿದ್ದರೆ ಥೈರಾಯ್ಡ್ ಮುಂತಾದ ತೊಂದರೆಗಳಿಗಾಗಿ ವೈದ್ಯರ ತಪಾಸಣೆ ಅಗತ್ಯ.

ಆ ಶಿಕ್ಷಕಿಗೆ ನಾವು ಹೇಳಿದ್ದು ಇಷ್ಟೇ: “ನಿಮ್ಮಲ್ಲಿ ಮನೋಬಲದ ಕೊರತೆ ಇರಲಿಲ್ಲ. ನಾಲ್ಕು ತಿಂಗಳು ಹಸಿವನ್ನು ತಡೆದವರು ನೀವು. ದೇಹವು ಬರಗಾಲವೆಂದು ಬಗೆದು ತನ್ನ ಧರ್ಮವನ್ನು ತಾನು ಮಾಡಿತು. ಈ ಬಾರಿ ಅದನ್ನು ಹೆದರಿಸದೆ ಮುಂದುವರಿಯಿರಿ.” ಅವರೀಗ ಶಾಲೆಗೆ ನಡೆದೇ ಹೋಗುತ್ತಾರೆ, ಹೊಟ್ಟೆ ತುಂಬ ಉಣ್ಣುತ್ತಾರೆ. ಆರು ತಿಂಗಳಲ್ಲಿ ಇಳಿದದ್ದು ನಾಲ್ಕು ಕಿಲೋ ಮಾತ್ರ, ಆದರೆ ಮರಳಿ ಬಂದಿಲ್ಲ. ಈ ವರ್ಷದ ಜಾತ್ರೆಯಲ್ಲಿ ಅವರನ್ನು ಕಂಡೆವು. ಮನೆಯವರೂ ಜೊತೆಗಿದ್ದರು; ಊಟವಾದ ಮೇಲೆ ಎಲ್ಲರೂ ಕೂಡಿ ನಡೆಯಲು ಹೊರಟಿದ್ದರು.